ದುಂಡನೆಯ ಎಲೆಯ ಜಮಾ-ಖರ್ಚು

ನರ್ಸರಿಗಳಲ್ಲಿ ಜಡೆ ಹೆಣೆದು ಮಾರುವ ಕೋಲೆಲೆಯ ಸ್ನೇಕ್ ಪ್ಲಾಂಟ್ ಮೂಲತಃ ಅಂಗೋಲಾ ಕಡೆಯದು. ಅದರ ಒಂದು ಎಲೆ 1 ಮೀಟರ್ ಉದ್ದ, 2.5 ಸೆಂ.ಮೀ. ದಪ್ಪ ಎಂದಿಟ್ಟುಕೊಳ್ಳಿ, ಚೂಪು ತುದಿಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಒಳಗಿನ ಸರಕು ಸುಮಾರು 490 ಘನ ಸೆಂ.ಮೀ., ಹೊರಮೈ 785 ಚದರ ಸೆಂ.ಮೀ. ಅಷ್ಟೇ ಸರಕನ್ನು ಅರ್ಧ ಮಿ.ಮೀ. ದಪ್ಪದ ಚಪ್ಪಟೆ ಎಲೆಯಾಗಿ ಹರಡಿದರೆ ಎರಡೂ ಮುಖ ಸೇರಿ 19,600 ಚದರ ಸೆಂ.ಮೀ. ಆದೀತು. ಅಂದರೆ ನೀರು ಆರಿಹೋಗುವ ಜಾಗ ಕೋಲೆಲೆಯಲ್ಲಿ 25ರಲ್ಲಿ ಒಂದು ಪಾಲು ಮಾತ್ರ.

ಈ ಉಳಿತಾಯಕ್ಕೆ ಗಿಡ ಬಿಸಿಲಿನಲ್ಲಿ ಬೆಲೆ ತೆರುತ್ತದೆ. ಚಪ್ಪಟೆ ಎಲೆ ಬೆಳಕಿಗೆ ಒಡ್ಡುವ ಮುಖ 9,800 ಚದರ ಸೆಂ.ಮೀ.; ಕೋಲೆಲೆಗೆ ಪಕ್ಕದಿಂದ ಬಿದ್ದ ಬಿಸಿಲಲ್ಲಿ ದಕ್ಕುವುದು 250. ಸೂರ್ಯ ನೆತ್ತಿಗೇರಿದಾಗ ನೆಟ್ಟಗೆ ನಿಂತ ಎಲೆಯ ಮೇಲೆ ಬೀಳುವುದು ಬರೀ 5 ಚದರ ಸೆಂ.ಮೀ.ಯಷ್ಟು ಬಿಸಿಲು. ಒಣನಾಡಿನ ಗಿಡಕ್ಕೆ ಇದನ್ನು ನಷ್ಟ ಎನ್ನಲು ನನಗೆ ಮನಸ್ಸಿಲ್ಲ, ಬೇಯುವುದಾದರೂ ತಪ್ಪಿತಲ್ಲ! ಸಾಲದ್ದಕ್ಕೆ ಇದು ರಾತ್ರಿ ಉಸಿರುರಂಧ್ರ ತೆರೆಯುವ ಜಾತಿ. ಭತ್ತದಂಥ ಬೆಳೆ 1 ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಇಂಥ ಗಿಡಗಳಿಗೆ 50ರಿಂದ 100 ಗ್ರಾಂ ಸಾಕು. ಬೆಳವಣಿಗೆ ಮಾತ್ರ ನಿಧಾನ.

ಹಾಗೆಂದು ದುಂಡಗಿದ್ದ ಮಾತ್ರಕ್ಕೆ ನೀರು ಉಳಿಯುವುದಿಲ್ಲ. ಸರ್ವೆ ಮರದ ಹಸಿರು ಕಡ್ಡಿಯನ್ನೇ ನೋಡಿ. ಅದು ಎಲೆಯಲ್ಲ, ಕಿರುರೆಂಬೆ. ನಿಜವಾದ ಎಲೆಗಳು ಗಿಣ್ಣುಗಿಣ್ಣಿಗೆ ಸುತ್ತಲೂ ಆರೆಂಟು ಹುರುಪೆಗಳಾಗಿ ಅಂಟಿಕೊಂಡಿರುತ್ತವೆ. ಕಡ್ಡಿಯ ದಪ್ಪ 1 ಮಿ.ಮೀ. ಎಂದರೂ ಪ್ರತಿ ಘನ ಸೆಂ.ಮೀ.ಗೆ 40 ಚದರ ಸೆಂ.ಮೀ. ಹೊರಮೈ ಬರುತ್ತದೆ, ಅರ್ಧ ಮಿ.ಮೀ. ಚಪ್ಪಟೆ ಎಲೆಗೂ ಇಷ್ಟೇ. ಸರ್ವೆ ನೀರು ಹಿಡಿಯುವ ದಾರಿ ಬೇರೆ: ಕಡ್ಡಿಯ ಉದ್ದಕ್ಕೂ ಇರುವ ಗೀರುಗಳೊಳಗೆ ಉಸಿರುರಂಧ್ರಗಳನ್ನು ಬಚ್ಚಿಟ್ಟುಕೊಳ್ಳುತ್ತದೆ.

ಈರುಳ್ಳಿಯದು ಪೈಪಿನ ಲೆಕ್ಕ. ಎಲೆ 1 ಸೆಂ.ಮೀ. ದಪ್ಪ, ಗೋಡೆ ಅರ್ಧ ಮಿ.ಮೀ. ಎಂದು ಹಿಡಿದರೆ, ಗಟ್ಟಿ ಕೋಲಿಗೆ ಬೇಕಾಗುವ ಸರಕಿನಲ್ಲಿ ಶೇ. 19ರಷ್ಟೇ ಖರ್ಚು; ಬಾಗದೆ ನಿಲ್ಲುವ ಬಿಗಿ ಶೇ. 34ರಷ್ಟು ಸಿಗುತ್ತದೆ. ಒಳಮುಖಕ್ಕೆ ಗಾಳಿ ತಾಗದ್ದರಿಂದ ಆರುವ ಮೈ ಪ್ರತಿ ಘನ ಸೆಂ.ಮೀ.ಗೆ 21 ಚದರ ಸೆಂ.ಮೀ.ಗೆ ಇಳಿಯುತ್ತದೆ. ಇಷ್ಟು ಅಗ್ಗದಲ್ಲಿ ಕಟ್ಟಿದ ಒಂದೊಂದು ಎಲೆಯ ಬುಡವೂ ಗಡ್ಡೆಯಲ್ಲಿ ಒಂದೊಂದು ಪದರವಾಗಿ ಊದುತ್ತದೆ, ಹಾಗಾಗಿ ಎಲೆ ಕಡಿಮೆಯಾದರೆ ಪದರವೂ ಕಡಿಮೆ.

ಇದೇ ಪೈಪು ಚಿತ್ರದುರ್ಗ, ಗದಗದ ಬೆಳೆಗಾರರಿಗೆ ಒಂದು ಖರ್ಚನ್ನೂ ತಂದಿದೆ. ನೆಟ್ಟಗಿನ, ಮೇಣ ಸವರಿದ ದುಂಡು ಮೈಮೇಲೆ ಔಷಧಿಯ ಹನಿ ನಿಲ್ಲದೆ ಜಾರುತ್ತದೆ. ಥ್ರಿಪ್ಸ್ ನುಸಿಯೋ ಎಲೆಗಳ ಬುಡದ ಸಂದಿಯಲ್ಲಿ ಅಡಗಿರುತ್ತದೆ. ಅದಕ್ಕೇ ಸಿಂಪಡಣೆಯ ಪ್ರತಿ ಲೀಟರಿಗೆ ಅರ್ಧದಿಂದ 1 ಮಿ.ಲೀ. ಅಂಟು ದ್ರಾವಣ ಬೆರೆಸಬೇಕಾಗುತ್ತದೆ.