ಹರಾಜಿನಿಂದ ಉಳಿದ ತೋಪು, ದಾಖಲೆಗೆ ಸಿಗದ ಬಂದೂಕು

ಇಬ್ರಾಹಿಂಪುರದ ನಮ್ಮ ಮನೆಗೆ ಬಂದ ನೆಂಟರನ್ನು ನಾನು ತಪ್ಪದೆ ವಿಜಯಪುರದ ಶೇರ್ಜಾ ಬುರುಜಿಗೆ ಕರೆದೊಯ್ಯುತ್ತೇನೆ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪನ್ನು ತುರ್ಕಿ ಮೂಲದ ಮಹಮ್ಮದ್ ರೂಮಿ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ. ಪರಾಂಡಾ ಕೋಟೆಯಿಂದ ಅದು ಇಲ್ಲಿಗೆ ಬಂದದ್ದು 1632ರಲ್ಲಿ. ಸುಮಾರು 14 ಅಡಿ ಉದ್ದದ ಕಂಚಿನ ಎರಕವದು. ಉಪ್ಪಲಿ ಬುರುಜಿನ ಮೇಲಿರುವ ಸುಮಾರು 30 ಅಡಿಯ ತೋಪಿನ ರಚನೆಯೇ ಬೇರೆ: ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಬಂಡಿಯ ಗಾಲಿಗೆ ಹಳಿ ತೊಡಿಸುವಂತೆ ಬಳೆಗಳಿಂದ ಬಿಗಿದದ್ದು.

1854ರಲ್ಲಿ ಮಲಿಕ್-ಎ-ಮೈದಾನನ್ನು ನಿರುಪಯುಕ್ತ ಸಾಮಗ್ರಿಯೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಕೆಳಗಿನ ಅಧಿಕಾರಿಯೊಬ್ಬರು ಮೇಲಿನವರಿಗೆ ವರದಿ ಬರೆದರು, ಮಾರಾಟ ರದ್ದಾಯಿತು.

ಮನೆಗಳಲ್ಲಿರುವ ವಿದೇಶಿ ಬಂದೂಕುಗಳ ವಿಷಯದಲ್ಲಿ ಇಂಥ ವರದಿ ಬರೆಯುವವರು ಯಾರು? ಅರೆ ಸ್ವಯಂಚಾಲಿತ ರೈಫಲನ್ನೇ ನೋಡಿ. ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು. ಆದರೆ ಖಾಲಿ ಕೋಶವನ್ನು ಹೊರಹಾಕಿ ಮುಂದಿನ ತೋಟಾ ತುಂಬಿಕೊಳ್ಳುವ ಕೆಲಸ ಬಂದೂಕಿನದೇ. 1914ರಿಂದ ಬೆಲ್ಜಿಯಂನಲ್ಲಿ ತಯಾರಾದ ಬ್ರೌನಿಂಗ್ .22 ರೈಫಲಿನಲ್ಲಿ ತೋಟಾಗಳಿರುವುದು ಹಿಂಬದಿಯ ಮರದೊಳಗಿನ ಕೊಳವೆಯಲ್ಲಿ. ಖಾಲಿ ಕೋಶ ಕೆಳಕ್ಕೆ ಬೀಳುತ್ತದೆ. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಗ್ಯಾರಂಡ್ ರೈಫಲಿಗೆ ಎಂಟು ತೋಟಾಗಳ ಕಟ್ಟನ್ನು ಮೇಲಿನಿಂದ ಒತ್ತಿ ತುಂಬಬೇಕು. ಅದನ್ನು ನಡೆಸುವುದು ಸಿಡಿಮದ್ದಿನ ಅನಿಲ. ಹೆಸರಿಗೆ ಒಂದೇ ಜಾತಿ. ರಚನೆಯಲ್ಲಿ ನಮ್ಮ ಎರಡು ತೋಪುಗಳಷ್ಟೇ ಭಿನ್ನ. ಬಲ್ಲ ಸಂಗ್ರಹಕಾರನನ್ನು ಸೆಳೆಯುವುದು ಈ ಭಿನ್ನತೆಯೇ.

ಆದರೆ ನಮ್ಮಲ್ಲಿ ಇಂಥ ಸಂಗ್ರಹಕ್ಕೆ ಅವಕಾಶ ಕಿರಿದು. ಸೇನೆಯ .303 ಮತ್ತು 7.62 ಮಿ.ಮೀ. ತೋಟಾ ಬಳಸುವ ರೈಫಲುಗಳು ನಿಷೇಧಿತ ವರ್ಗದವು. 1980ರ ದಶಕದ ಮಧ್ಯಭಾಗದಿಂದ ಖಾಸಗಿ ಆಮದಿಗೂ ಬಹುಮಟ್ಟಿಗೆ ತಡೆ ಬಿತ್ತು. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾದರೂ ಮಿತಿ ಅದೇ. ಹೆಚ್ಚಿನವನ್ನು ಪೊಲೀಸ್ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು.

ಈ ನಿರ್ಬಂಧದ ಬಗ್ಗೆ ನನ್ನ ತಕರಾರಿಲ್ಲ. ಶಸ್ತ್ರ ಕಡಿಮೆಯಾದಷ್ಟೂ ಸಮಾಜಕ್ಕೆ ಕ್ಷೇಮ. ಆದರೆ ಸೇವೆಯಲ್ಲಿದ್ದಾಗ ನಾನು ನೋಡಿದ ಪರವಾನಗಿ ಕಡತಗಳಲ್ಲಿ ತಯಾರಕ, ಬೋರ್, ಕ್ರಮಸಂಖ್ಯೆ ಇರುತ್ತಿದ್ದವು. ಬಂದೂಕಿನ ರಚನೆಯ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ. ಹೀಗಾದರೆ ಅಪರೂಪದ ಮಾದರಿಯೂ ಗುಜರಿಯೂ ಒಂದೇ ದಾಸ್ತಾನಿನಲ್ಲಿ ಕರಗಿಹೋಗುತ್ತವೆ.

ವಿಲೇವಾರಿಗೆ ಮೊದಲು ಪ್ರತಿ ಬಂದೂಕಿಗೂ ಒಂದು ಪುಟದ ವಿವರ, ಎರಡು ಛಾಯಾಚಿತ್ರ ಇರಲಿ. ಅಪರೂಪದ್ದನ್ನು ದುರಸ್ತಿಗೂ ಒಗ್ಗದಂತೆ ನಿಷ್ಕ್ರಿಯಗೊಳಿಸಿ ವಸ್ತುಸಂಗ್ರಹಾಲಯಕ್ಕೆ ಕೊಡಲಿ. ಶಸ್ತ್ರವಾಗಿ ಬಳಸಲಾಗದ ಪುರಾತನ ಆಯುಧಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದ್ದೇ ಇದೆ. ಖರ್ಚು ಅಲ್ಪ. ಮಲಿಕ್-ಎ-ಮೈದಾನನ್ನು ಉಳಿಸಿದ್ದೂ ಒಂದು ವರದಿಯೇ ಅಲ್ಲವೇ?