ಸೂಜಿ ಚುಚ್ಚಿಸಿಕೊಂಡರೆ ಮಂಪರಿನ ಇಂಜೆಕ್ಷನ್ ಬೇಡವೇ?

ಎಂಡೋಸ್ಕೋಪಿಗೆ ಮುನ್ನ ಅಕ್ಯುಪಂಕ್ಚರ್ ಸೂಜಿ ಚುಚ್ಚಿ ಅದರಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರೆ ಸಾಕು, ಮಂಪರು ಬರಿಸುವ ಔಷಧ ಬೇಕಿಲ್ಲ ಎಂಬ ನಂಬಿಕೆಗೆ ಹಳೆಯದೊಂದು ಕಥೆಯ ಬಲವಿದೆ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಬರೀ ಸೂಜಿಯ ಬಲದಲ್ಲಿ ಹೊಟ್ಟೆ ಕೊಯ್ದರಂತೆ ಎಂದು ಸುದ್ದಿ ಹಬ್ಬಿತು. ರೆಸ್ಟನ್ ಬರೆದದ್ದೇ ಬೇರೆ: ಆಪರೇಷನ್ ನಡೆದದ್ದು ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಬಂದದ್ದು ಆಮೇಲಿನ ಹೊಟ್ಟೆಬಾಧೆಗೆ. 2006ರಲ್ಲಿ ಬಿಬಿಸಿ ತೋರಿಸಿದ ಚೀನಾದ ಹೃದಯ ಶಸ್ತ್ರಚಿಕಿತ್ಸೆಯದೂ ಇದೇ ಕಥೆ. ಆ ರೋಗಿಗೆ ಸೂಜಿಗಳ ಜೊತೆಗೆ ಮಿಡಜೋಲಾಮ್, ಫೆಂಟನಿಲ್‌ನಂಥ ಮಂಪರಿನ, ನೋವಿನ ಔಷಧಗಳನ್ನೂ ಕೊಡಲಾಗಿತ್ತು.

ಹಾಗೆಂದು ಇದೆಲ್ಲ ಬರೀ ಭ್ರಮೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಬೀಜಿಂಗ್‌ನ ವಿಜ್ಞಾನಿ ಹಾನ್ ಜಿಶೆಂಗ್ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಸೆಕೆಂಡಿಗೆ 2 ಬಾರಿ ಮಿಡಿಯುವ ವಿದ್ಯುತ್ತು ಎನ್‌ಕೆಫಲಿನ್, ಎಂಡಾರ್ಫಿನ್‌ಗಳನ್ನೂ 100 ಬಾರಿ ಮಿಡಿಯುವಂಥದ್ದು ಡೈನಾರ್ಫಿನ್ನನ್ನೂ ಬಿಡುಗಡೆ ಮಾಡಿಸುವುದು ಕಂಡುಬಂತು. ಇವೆಲ್ಲ ದೇಹವೇ ತಯಾರಿಸಿಕೊಳ್ಳುವ ನೋವುನಿವಾರಕಗಳು. ಆದರೆ ನೋವು ತಗ್ಗುವುದು ಬೇರೆ, ಮಂಪರು ಬರುವುದು ಬೇರೆ. ಗಂಟಲಿಗೆ ಕೊಳವೆ ಇಳಿದಾಗ ಬರುವ ವಾಕರಿಕೆ, ಗಾಳಿ ತುಂಬಿ ಕರುಳು ಹಿಗ್ಗಿದಾಗಿನ ನುಲಿತ, ಇವೆಲ್ಲಕ್ಕಿಂತ ಮೊದಲೇ ಆವರಿಸುವ ಭಯ, ಈ ಮೂರನ್ನೂ ಸೂಜಿ ಒಂದೇ ಏಟಿಗೆ ಅಳಿಸಿಹಾಕುತ್ತದೆ ಎನ್ನಲು ಆಧಾರವಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಔಷಧದ ಜೊತೆಗೆ ಇದನ್ನೂ ಬಳಸಿದರೆ ಔಷಧದ ಪ್ರಮಾಣ ತಗ್ಗೀತೇ? ಈ ಪ್ರಶ್ನೆಗೆ ತೂಕವಿದೆ. ಮಂಪರಿಗೆ ಕೊಡುವ ಪ್ರೊಪೊಫಾಲ್ ಹೆಚ್ಚಾದರೆ ಉಸಿರು ಕುಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಅದಕ್ಕೆ ಪ್ರತ್ಯೌಷಧವೂ ಇಲ್ಲ. ವಯಸ್ಸಾದವರಿಗೆ, ಹೃದಯ ಮತ್ತು ಶ್ವಾಸಕೋಶದ ಕಾಯಿಲೆ ಇರುವವರಿಗೆ ಡೋಸ್ ಒಂದಿಷ್ಟು ಕಡಿಮೆಯಾದರೂ ಲಾಭವೇ.

ಈ ಬಗ್ಗೆ ರೋಗಿಗಳ ಮೇಲೆ ಪ್ರಯೋಗಗಳು ನಡೆದಿವೆಯಲ್ಲ ಎನ್ನಬಹುದು. ನಡೆದಿವೆ, ಕೆಲವು ಆಶಾದಾಯಕವೂ ಹೌದು. ಆದರೆ ಅವುಗಳಲ್ಲಿ ಹಲವು ಚಿಕ್ಕವು. ಸೂಜಿ ಚುಚ್ಚುವ ಜಾಗ, ವಿದ್ಯುತ್ತಿನ ಮಿಡಿತ, ಬಳಸಿದ ಔಷಧ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಔಷಧ ಕೊಡುವ ವೈದ್ಯರಿಗೆ ಯಾರಿಗೆ ನಿಜವಾದ ಸೂಜಿ, ಯಾರಿಗೆ ಹೋಲಿಕೆಗೆಂದು ಬಳಸುವ ಹುಸಿ ಸೂಜಿ ಎಂದು ಗೊತ್ತಿದ್ದರಂತೂ ಡೋಸ್ ಕಡಿಮೆಯಾದದ್ದು ಸೂಜಿಯಿಂದಲೋ ಅವರ ಕೈ ಹಿಡಿತದಿಂದಲೋ ಹೇಳುವುದು ಕಷ್ಟ. ಮಣಿಕಟ್ಟಿನ ಪಿಸಿ-6 ಎಂಬ ಅಕ್ಯುಪಂಕ್ಚರ್ ಬಿಂದುವಿನ ಬಗ್ಗೆ ಇದಕ್ಕಿಂತ ಹೆಚ್ಚಿನ ಆಧಾರವಿದೆ: 2015ರ ಕಾಕ್ರೇನ್ ವಿಮರ್ಶೆ 59 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಆಪರೇಷನ್ ನಂತರದ ವಾಂತಿ, ಓಕರಿಕೆಯನ್ನು ಆ ಬಿಂದುವಿನ ಪ್ರಚೋದನೆ ತಗ್ಗಿಸುತ್ತದೆ ಎಂದಿತು. ಅದನ್ನು ಎತ್ತಿ ತಂದು ಎಂಡೋಸ್ಕೋಪಿಯ ಮಂಪರಿಗೆ ಅಂಟಿಸುವಂತಿಲ್ಲ.

ಲಾಭ ಇಲ್ಲದಿದ್ದರೂ ನಷ್ಟವೇನು ಎನ್ನುವವರಿದ್ದಾರೆ. ಪೇಸ್‌ಮೇಕರ್ ಇರುವವರಿಗೆ ಈ ವಿದ್ಯುತ್ತಿನಿಂದ ಅಪಾಯವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಚುಚ್ಚಿದಲ್ಲಿ ರಕ್ತ ಒಸರಬಹುದು. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ಸೂಜಿ ಇದೆಯಲ್ಲ ಎಂಬ ಧೈರ್ಯದಲ್ಲಿ ಎಚ್ಚರ ಸಡಿಲವಾಗುವುದು. ಸೂಜಿ ಇರಲಿ ಬಿಡಲಿ, ಮಂಪರಿನ ಔಷಧ ಕೊಟ್ಟ ಮೇಲೆ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಇರಲೇಬೇಕು. ಉಸಿರು, ರಕ್ತದೊತ್ತಡದ ಮೇಲೆ ಕಣ್ಣಿಡಲು ತರಬೇತಿ ಪಡೆದವರು ಬೇಕೇ ಬೇಕು. ನೀವು ಎಂಡೋಸ್ಕೋಪಿಗೆ ಹೊರಟಿದ್ದರೆ ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿರಿ. ಗೊರಕೆ, ಉಬ್ಬಸ, ಪೇಸ್‌ಮೇಕರ್, ನುಂಗುತ್ತಿರುವ ಮಾತ್ರೆಗಳು, ಯಾವುದನ್ನೂ ಮುಚ್ಚಿಡದೆ ಮೊದಲೇ ಹೇಳಿಬಿಡಿ.