‘ಯಾಕೋ ಏನೂ ಬೇಡ’ ಅನ್ನಿಸ್ತಿದೆಯಾ?

ಒಗೆದ ಬಟ್ಟೆ ಮಂಚದ ಮೇಲೆ ಗುಡ್ಡೆಯಾಗಿ ಬಿದ್ದಿದೆ. ಮಡಿಚಿಡೋಕೆ ಹತ್ತು ನಿಮಿಷ ಸಾಕು ಅಂತ ನಿಮಗೂ ಗೊತ್ತು. ಆದರೆ ಏಳಲು ಮನಸ್ಸೇ ಬರುತ್ತಿಲ್ಲ. ಹೋಗಲಿ, ಇಷ್ಟವಾದದ್ದನ್ನಾದರೂ ಮಾಡೋಣ ಅಂದರೆ ಅದೂ ಬೇಡ. ಅರ್ಧಕ್ಕೆ ನಿಂತ ಕಸೂತಿ ಬೀರುವಿನಲ್ಲೇ ಇದೆ. ಗೆಳತಿಗೆ ಫೋನ್ ಮಾಡಿ ತಿಂಗಳಾಯಿತು. ‘ಏನಾಯ್ತೇ ನಿಂಗೆ?’ ಎಂದು ಅಮ್ಮ ಕೇಳಿದರೆ ಹೇಳಲು ಕಾರಣವೂ ಇಲ್ಲ. ಜಗಳವಿಲ್ಲ, ಜ್ವರವಿಲ್ಲ, ಅಳುವಷ್ಟು ದುಃಖವೂ ಇಲ್ಲ. ಸುಮ್ಮನೆ ಏನೂ ಬೇಡ, ಅಷ್ಟೆ.

ಮನೆಯವರು ಇದಕ್ಕೆ ಕೊಡುವ ಹೆಸರು ಸೋಮಾರಿತನ. ನಾವೂ ಹೌದೇನೋ ಅಂತ ಒಪ್ಪಿಕೊಂಡುಬಿಡುತ್ತೇವೆ. ಆದರೆ ಸ್ವಲ್ಪ ಯೋಚಿಸಿ. ಸೋಮಾರಿಗೆ ಕೆಲಸ ತಪ್ಪಿದರೆ ಖುಷಿ. ನಿಮಗೆ ಆ ಖುಷಿಯೂ ಇಲ್ಲವಲ್ಲ! ಈ ನಿರಾಸಕ್ತಿಯ ಹಿಂದೆ ಮಿದುಳಿನ ರಸಾಯನಗಳ ಕೈವಾಡವೂ ಇರಬಹುದು. ಅದರಲ್ಲಿ ಮುಖ್ಯವಾದದ್ದು ಡೋಪಮಿನ್.

ಅಲ್ಲಾಡದೆ ಕೂತ ಮೊಲಗಳು

ಡೋಪಮಿನ್ ಕಥೆಯಲ್ಲಿ ನಮ್ಮ ಸರ್ಪಗಂಧ ಗಿಡಕ್ಕೂ ಪಾತ್ರವಿದೆ. ಇದರ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಬಿ.ಪಿ. ಮಾತ್ರೆಯೂ ಆಯಿತು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1950ರ ದಶಕದಲ್ಲಿ ಇದನ್ನು ಮೊಲಗಳಿಗೆ ಕೊಟ್ಟಾಗ ಅವು ಕೂತಲ್ಲೇ ಕೂತುಬಿಟ್ಟವು. ಮಿದುಳಿನಲ್ಲಿ ಡೋಪಮಿನ್ ಆಗುವ ಎಲ್-ಡೋಪಾ ಕೊಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಓಡಾಡತೊಡಗಿದವು! ಈ ಸಂಶೋಧನೆಗಾಗಿ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದರು. ಪಾರ್ಕಿನ್‌ಸನ್ ಕಾಯಿಲೆಗೆ ಇಂದಿಗೂ ಎಲ್-ಡೋಪಾ ಕೊಡುತ್ತಾರೆ.

‘ಇಷ್ಟ’ ಬೇರೆ, ‘ಬೇಕು’ ಬೇರೆ

ಡೋಪಮಿನ್ ಅಂದರೆ ಸುಖದ ರಸಾಯನ ಅಂತ ಎಲ್ಲೆಲ್ಲೂ ಓದಿರುತ್ತೀರಿ. ಅದು ಅರ್ಧ ಸತ್ಯ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್, ಡೋಪಮಿನ್ ಹೆಚ್ಚುಕಡಿಮೆ ಇಲ್ಲದಂತಾದ ಇಲಿಗಳನ್ನು ಗಮನಿಸಿದರು. ಪಕ್ಕದಲ್ಲೇ ಆಹಾರವಿದ್ದರೂ ಅವು ಹೋಗಿ ತಿನ್ನಲಿಲ್ಲ. ಆದರೆ ಬಾಯಿಗೇ ಸಿಹಿನೀರು ಬಿಟ್ಟರೆ ಚಪ್ಪರಿಸಿದವು. ಅಂದರೆ ರುಚಿ ಸತ್ತಿರಲಿಲ್ಲ, ಹೋಗಿ ತಿನ್ನಬೇಕೆಂಬ ತುಡಿತ ಸತ್ತಿತ್ತು.

ಜಾನ್ ಸಲಾಮೋನ್ ಎಂಬ ವಿಜ್ಞಾನಿ ಇಲಿಗಳ ಮುಂದೆ ಎರಡು ದಾರಿ ಇಟ್ಟರು. ಒಂದು ಕಡೆ ಸ್ವಲ್ಪ ತಿಂಡಿ, ಸಲೀಸಾಗಿ ಸಿಗುತ್ತದೆ. ಇನ್ನೊಂದು ಕಡೆ ಹೆಚ್ಚು ತಿಂಡಿ, ಆದರೆ ಅಡ್ಡಗೋಡೆ ಹತ್ತಬೇಕು. ಮಾಮೂಲಿ ಇಲಿಗಳು ಹೆಚ್ಚಾಗಿ ಗೋಡೆ ಹತ್ತಿದವು. ಡೋಪಮಿನ್ ಕಡಿಮೆಯಾದವು ‘ಇಷ್ಟೇ ಸಾಕು ಬಿಡಿ’ ಅನ್ನುವಂತೆ ಸಲೀಸು ದಾರಿ ಹಿಡಿದವು.

ನಮ್ಮ ಕಥೆಯೂ ಹೀಗೇ ಅಲ್ಲವೇ? ಮದುವೆಮನೆಗೆ ಹೊರಡಬೇಕು ಅಂದರೆ ಬೇಜಾರು. ಸೀರೆ ಉಡಬೇಕು, ಬಸ್ ಹಿಡಿಯಬೇಕು. ಬಲವಂತಕ್ಕೆ ಹೋದರೆ ‘ಚೆನ್ನಾಗೇ ಇತ್ತಲ್ಲ’ ಅನ್ನಿಸುತ್ತದೆ. ಸಂತೋಷ ಪಡುವ ಶಕ್ತಿ ಹೋಗಿಲ್ಲ. ಅಲ್ಲಿಯವರೆಗೆ ನಡೆಸಿಕೊಂಡು ಹೋಗುವ ಶಕ್ತಿ ಕುಗ್ಗಿದೆ.

ಮನೆಗೆಲಸ ಮತ್ತು ಮಂಗನ ಜ್ಯೂಸ್

ವೋಲ್‌ಫ್ರಾಮ್ ಶುಲ್ಟ್ಜ್ 1990ರ ದಶಕದಲ್ಲಿ ಮಂಗಗಳಿಗೆ ಜ್ಯೂಸ್ ಕೊಟ್ಟು ಅವುಗಳ ಡೋಪಮಿನ್ ಕೋಶಗಳನ್ನು ಪರೀಕ್ಷಿಸಿದರು. ಅನಿರೀಕ್ಷಿತವಾಗಿ ಜ್ಯೂಸ್ ಸಿಕ್ಕಾಗ ಕೋಶಗಳು ಚುರುಕಾದವು. ಸಿಕ್ಕೇ ಸಿಗುತ್ತದೆ ಎಂದು ರೂಢಿಯಾದ ಮೇಲೆ ಜ್ಯೂಸ್ ಬಂದರೂ ಸುಮ್ಮನಿದ್ದವು. ನಿರೀಕ್ಷಿಸಿದ್ದು ಬಾರದಿದ್ದರೆ ಇನ್ನಷ್ಟು ಮಂಕಾದವು.

ಮಂಗನ ಲೆಕ್ಕವನ್ನು ನೇರವಾಗಿ ನಮ್ಮ ಅಡುಗೆಮನೆಗೆ ತರಲಾಗದು. ಆದರೂ ಹೋಲಿಸಿ ನೋಡಿ. ಸಾರು ಚೆನ್ನಾಗಿದ್ದರೆ ಯಾರೂ ಮಾತಾಡೋಲ್ಲ, ಉಪ್ಪು ಜಾಸ್ತಿಯಾದರೆ ಎಲ್ಲರೂ ಮಾತಾಡ್ತಾರೆ! ಒರೆಸಿದ ನೆಲ ಸಂಜೆಗೆ ಮತ್ತೆ ಕೊಳೆ. ಹೊಸದಿಲ್ಲ, ಮುಗಿಯುವುದಿಲ್ಲ, ಮೆಚ್ಚುವವರಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಉತ್ಸಾಹ ಉಳಿಯುವುದಾದರೂ ಹೇಗೆ?

ಮೊದಲು ರಕ್ತ ಪರೀಕ್ಷೆ

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ದೇಹ ಡೋಪಮಿನ್ ತಯಾರಿಸಲು ಕಬ್ಬಿಣದ ಅಂಶ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಥೈರಾಯ್ಡ್ ಕಡಿಮೆಯಾದರೂ, ಬಿ12 ವಿಟಮಿನ್ ಕೊರತೆಯಾದರೂ ಸುಸ್ತು, ಮಂಕು ಕಾಡುತ್ತದೆ. ಹಾಲು-ಮೊಸರೂ ಕಡಿಮೆ ಸೇವಿಸುವ ಸಸ್ಯಾಹಾರಿಗಳು ಬಿ12 ಬಗ್ಗೆ ಹೆಚ್ಚು ಗಮನ ಕೊಡಬೇಕು.

ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದೆ, ಜೊತೆಗೆ ನಿದ್ದೆ-ಹಸಿವು ಏರುಪೇರಾಗಿದ್ದರೆ ಅದು ಖಿನ್ನತೆ ಇರಬಹುದು. ಯಾವುದಾದರೂ ಮಾತ್ರೆ ಶುರು ಮಾಡಿದ ಮೇಲೆ ಹೀಗಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಟಿ.ವಿ., ಪೂಜೆ, ಮೊಮ್ಮಕ್ಕಳು ಯಾವುದೂ ಬೇಡ ಅಂತ ಮೂಲೆ ಹಿಡಿದರೆ ‘ಹಠ’ ಎಂದು ಗದರಬೇಡಿ. ಪಾರ್ಕಿನ್‌ಸನ್, ಮರೆವಿನ ಕಾಯಿಲೆ, ಪಾರ್ಶ್ವವಾಯು ಆದವರಲ್ಲೂ ಇಂಥ ನಿರಾಸಕ್ತಿ ಕಾಣುತ್ತದೆ.

ನೀವೇನು ಮಾಡಬಹುದು?

* ಮನಸ್ಸು ಬರಲಿ ಅಂತ ಕಾಯಬೇಡಿ. ಮೊದಲು ಕೆಲಸ, ಆಮೇಲೆ ಉತ್ಸಾಹ. ಖಿನ್ನತೆಯ ಚಿಕಿತ್ಸೆಯಲ್ಲೂ ಈ ವಿಧಾನ ಬಳಸುತ್ತಾರೆ. ದಿನಕ್ಕೊಂದು ಸಣ್ಣ ಕೆಲಸವನ್ನು ಗಂಟೆ ಸಮೇತ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಐದೇ ನಿಮಿಷ ಅಂದುಕೊಂಡು ಶುರು ಮಾಡಿ.

* ಅಡ್ಡಗೋಡೆ ತಗ್ಗಿಸಿ. ವಾಕಿಂಗ್ ಚಪ್ಪಲಿ ಬಾಗಿಲ ಬಳಿಯೇ ಇರಲಿ. ಕಸೂತಿಯನ್ನು ಬೀರುವಿನಿಂದ ತೆಗೆದು ಕುರ್ಚಿಯ ಪಕ್ಕ ಇಡಿ.

* ಮುಗಿದರೆ ಮುಗಿಯಿತು ಅನ್ನುವಂಥ ಕೆಲಸ ವಾರಕ್ಕೊಂದಾದರೂ ಇರಲಿ. ಒಂದು ಕುಂಡದಲ್ಲಿ ಗಿಡ ನೆಡುವುದೋ, ಒಂದು ರವಿಕೆ ಹೊಲಿಯುವುದೋ.

* ಮೆಚ್ಚುಗೆಯನ್ನು ಕೇಳಿ ಪಡೆಯಿರಿ. ‘ಇವತ್ತಿನ ಪಲ್ಯ ಹೇಗಿತ್ತು?’ ಅಂತ ಕೇಳಿದರೆ ಮಾನವೇನೂ ಹೋಗುವುದಿಲ್ಲ. ಮನೆಗೆಲಸ ಹಂಚಿಕೊಳ್ಳಲೂ ಹೇಳಿ.

* ಡೋಪಮಿನ್ ಹೆಚ್ಚಿಸುವ ಪುಡಿ, ಪಾನೀಯ ಎಂಬ ಜಾಹೀರಾತಿಗೆ ಮರುಳಾಗಬೇಡಿ. ತಿಂದ ಡೋಪಮಿನ್ ಮಿದುಳಿನೊಳಗೆ ಹೋಗುವುದಿಲ್ಲ. ಬೇಳೆಕಾಳು, ಹಾಲು, ಕಡಲೆಕಾಯಿಯಲ್ಲಿರುವ ಪ್ರೋಟೀನಿನಿಂದ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ.

ಒಂದೆರಡು ದಿನದ ಬೇಜಾರಿಗೆ ಗಾಬರಿ ಬೇಡ. ವಾರಗಟ್ಟಲೆ ಬಿಡದಿದ್ದರೆ ವೈದ್ಯರ ಬಳಿ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಬೇಕೇ ಎಂದು ಕೇಳಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ತಡಮಾಡಬೇಡಿ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಮಂದಿಯ ಬಿ.ಪಿ., ಶುಗರ್ ಲೆಕ್ಕವನ್ನೆಲ್ಲ ನೆನಪಿಟ್ಟುಕೊಳ್ಳುವವರು ನೀವೇ ತಾನೇ? ಈ ಸಲ ಲ್ಯಾಬಿನ ಚೀಟಿ ನಿಮ್ಮ ಹೆಸರಿನಲ್ಲೂ ಒಂದಿರಲಿ.